ಬಿರುಕಿನ ಮೇಲಿನ ಗಾಜು

ನಾನು ಒಂದು ಗಾಜಿನ ಪಟ್ಟಿ. ಗೇಣುದ್ದ, ಎರಡು ಬೆರಳಗಲ. ಯಾರದೋ ಕಿಟಕಿಗೆ ಗಾಜು ಕತ್ತರಿಸುವಾಗ ಉಳಿದ ಅಂಚು. ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ನನ್ನನ್ನು ಇಂಜಿನಿಯರ್ ರೇವತಿ ಆರಿಸಿಕೊಂಡರು. "ತೆಳ್ಳಗಿರೋದೇ ಬೇಕು" ಎಂದರು. ಹಿಗ್ಗಿದೆ. ಅರ್ಥ ಆಮೇಲೆ ತಿಳಿಯಿತು.

ಕೋಟೆ ಬೀದಿಯ ವಾಚನ ಮಂದಿರಕ್ಕೆ ತಂದರು. ಇಟ್ಟಿಗೆ, ಗಾರೆಯ ಹಳೆಯ ಕಟ್ಟಡ. ದೊಡ್ಡ ರಸ್ತೆಯ ಸೇತುವೆ ರಿಪೇರಿಗೆಂದು ಬಸ್ಸು, ಲಾರಿಗಳನ್ನೆಲ್ಲ ಈ ಬೀದಿಗೆ ತಿರುಗಿಸಿದ ಮೇಲೆ ಗೋಡೆ ಮೇಲಿಂದ ಕೆಳಗೆ ಸೀಳಿತ್ತು. ಸೀಳಿಗೆ ಅಡ್ಡಲಾಗಿ, ಎರಡೂ ತುದಿಗೆ ಸಿಮೆಂಟು ಮೆತ್ತಿ, ನನ್ನನ್ನು ಕೂರಿಸಿದರು.

ಶನಿವಾರ ಶನಿವಾರ ಅಲ್ಲಿ ಜನರಿಗೆ ಹಳೆಯ ಕಾವ್ಯದ ಪದ್ಯ ಓದುವ ಶೇಷಮ್ಮನವರೊಬ್ಬರೇ ಆಗ ಇದ್ದರು. "ಗೋಡೆ ಇನ್ನೂ ಬಾಯಿ ಬಿಟ್ರೆ ಈ ಗಾಜು ಒಡೆಯುತ್ತೆ ಅಮ್ಮ. ಒಡೆದ ದಿನ ಯಾರನ್ನೂ ಒಳಗೆ ಕೂರಿಸ್ಬೇಡಿ. ಬೀಗ ಹಾಕ್ಬಿಡಿ" ಎಂದರು ರೇವತಿ.

"ಹಾಕಿದ್ಮೇಲೆ ಮತ್ತೆ ತೆಗೀತಾರಾ?"

ರೇವತಿ ಕೈಗೆ ಮೆತ್ತಿದ ಸಿಮೆಂಟು ಒರೆಸಿಕೊಂಡು ಹೊರಟರು. ಜನ ಬರುವುದು ನಿಂತೀತೆಂದು ಶೇಷಮ್ಮನವರು ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಶನಿವಾರ ಸಂಜೆ ಪದ್ಯ ಕೇಳಲು ಬಂದ ಹತ್ತು ಹನ್ನೆರಡು ಜನ, ನಾನು ಗೋಡೆಯನ್ನು ಹಿಡಿದು ನಿಲ್ಲಿಸಿದ್ದೇನೆಂದೇ ತಿಳಿದರು. ಕಸ ಗುಡಿಸುವ ಪುಟ್ಟತಾಯಮ್ಮ ನನಗೆ ಅರಿಶಿನ ಕುಂಕುಮ ಇಟ್ಟರು. "ಇಷ್ಟಗಲ ಗಾಜು ಅಷ್ಟು ದೊಡ್ಡ ಗೋಡೆ ಹಿಡ್ಕೊಂಡೈತಲ್ಲ!"

"ನಿಮ್ಮ ಯಜಮಾನ್ರನ್ನ ನೀವು ಹಿಡ್ಕೊಂಡಿಲ್ವಾ, ಹಂಗೇ" ಎಂದರು ರಿಟೈರಾದ ಬಸ್ ಕಂಡಕ್ಟರ್ ತಮ್ಮಯ್ಯ.

ಒಂದೊಂದು ಲಾರಿಗೂ ಚಾಪೆಯ ಮೇಲೆ ಗಾರೆ ಉದುರುತ್ತಿತ್ತು, ದೇವರ ಪಟ ಓರೆಯಾಗುತ್ತಿತ್ತು. ನಡುಕ ನನ್ನ ಎರಡೂ ತುದಿಯಿಂದ ಹೊಕ್ಕು ನಡುವಿನಲ್ಲಿ ಕೂಡುತ್ತಿತ್ತು. ಶೇಷಮ್ಮ ಓದುತ್ತ ತಡೆದು, ಸದ್ದು ಹೋದ ಮೇಲೆ ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಿದ್ದರು. ಆ ಸಾಲಿಗಾಗಿ ನಾನು ಕಾಯುತ್ತಿದ್ದೆ. ದಣಿದಿದ್ದರೂ ಒಡೆಯಬಾರದೆಂದು ಆಸೆಪಟ್ಟೆ. ಒಡೆಯುವುದೇ ನನ್ನ ಕೆಲಸವೆಂದು ಗೊತ್ತಿದ್ದೂ.

ನನ್ನನ್ನು ಕೂರಿಸಿದ ಎಂಟನೆಯ ತಿಂಗಳ ಒಂದು ಶನಿವಾರ ಜಲ್ಲಿ ತುಂಬಿದ ಲಾರಿ ಹೋಯಿತು. ಟಿಕ್ ಎಂದೆ.

ಶೇಷಮ್ಮ ಕಣ್ಣೆತ್ತಿದರು. ಸಂಧಿ ಮುಗಿಯಲು ಹನ್ನೊಂದು ಪದ್ಯ ಬಾಕಿ. ಸಂಧಿಯನ್ನು ನಡುವೆ ನಿಲ್ಲಿಸಿದ್ದು ಆ ಮಂದಿರದಲ್ಲಿ ಎಂದೂ ಇಲ್ಲ. ಮುಂದಿನ ಪದ್ಯಕ್ಕೆ ಉಸಿರೆಳೆದುಕೊಂಡರು. ಬೀದಿಯ ತಿರುವಿನಲ್ಲಿ ಇನ್ನೊಂದು ಲಾರಿ ಗೇರು ಬದಲಿಸಿತು. ಎಳೆದ ಉಸಿರನ್ನು ಹಾಗೇ ಬಿಟ್ಟು ಪುಸ್ತಕ ಮುಚ್ಚಿದರು.

"ಎಲ್ಲರೂ ಎದ್ದು ಹೊರಗೆ ನಡೀರಿ. ಚಾಪೆ ಬಿಡಿ."

"ಮಂಗಳ ಆಗ್ಲಿಲ್ವಲ್ಲ ಅಮ್ಮ?" ಎಂದರು ತಮ್ಮಯ್ಯ.

"ಜೀವಮಾನವೆಲ್ಲ ಜನರನ್ನ ಇಳಿಸಿದೀರಲ್ಲ ತಮ್ಮಯ್ಯ, ಈಗ್ಲೂ ಇಳಿಸಿ."

ಅವರು ಇಳಿಸಿದರು. ಕೊನೆಗೆ ಉಳಿದ ಪುಟ್ಟತಾಯಮ್ಮ ನನ್ನನ್ನು ನೋಡಿ, "ನಿನ್ನ ನಂಬ್ಕೊಂಡಿದ್ವಲ್ಲಪ್ಪಾ" ಎಂದರು. ಬೀಗ ಬಿತ್ತು.

ಹನ್ನೆರಡು ದಿನಕ್ಕೆ ಗೋಡೆಯ ಮೇಲರ್ಧ ಚಾಪೆಗಳ ಮೇಲೆ ಕುಸಿಯಿತು. ಮರುದಿನ ಪುಟ್ಟತಾಯಮ್ಮ ಕಿಟಕಿಯ ಸರಳು ಹಿಡಿದು, ತಾವು ಕೂರುತ್ತಿದ್ದ ಜಾಗದಲ್ಲಿನ ಇಟ್ಟಿಗೆಯ ಗುಡ್ಡೆಯನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿ ಕೈ ಮುಗಿದರು.

ಉಳಿದರ್ಧ ಗೋಡೆಯಲ್ಲಿ ನಾನಿದ್ದೇನೆ, ಎರಡು ತುಂಡಾಗಿ. ಲಾರಿಗಳು ಹೋಗುತ್ತಲೇ ಇವೆ. ನಡುಕ ಈಗ ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಸಿಕ್ಕ ವಿಶ್ರಾಂತಿ ಅಷ್ಟೇ.