ಚನ್ನಬಸವ್ವನ ಫ್ರಿಜ್ಜು

ಡಾಕ್ಟರಮ್ಮ ಸೂಜಿಮದ್ದಿನ ಡಬ್ಬಿ ಕೊಡುತ್ತಾ, ಫ್ರಿಜ್ಜಿನಲ್ಲಿಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಫ್ರಿಜ್ಜಿಲ್ಲದ ಮನೆಗಳೂ ಹುಬ್ಬಳ್ಳಿಯಲ್ಲಿವೆ, ಆ ಮನೆಗಳಲ್ಲೂ ಕೂಸಿಗಾಗಿ ಹಂಬಲಿಸುವವರು ಇರುತ್ತಾರೆ ಎಂಬುದು ಆ ಮಹಾತಾಯಿಗೆ ಹೊಳೆಯಲೇ ಇಲ್ಲ. ಮೆಕ್ಯಾನಿಕ್ ಆಫ್ತಾಬನ ಹೆಂಡತಿ ಫರಹತಳಿಗೂ ಬಾಯಿಬಿಟ್ಟು ಹೇಳಲು ನಾಚಿಕೆ.

ಎದುರುಮನೆಯ ಚನ್ನಬಸವ್ವನದು ದೊಡ್ಡ ಫ್ರಿಜ್ಜು. ಮದ್ದು ಯಾತಕ್ಕೆಂದು ಆಕೆ ಕೇಳಿದಾಗ ಫರಹತ, ಸಕ್ಕರೆ ಕಾಯಿಲೆಗೆ ಎಂದುಬಿಟ್ಟಳು. ನಿಜ ಹೇಳಿದರೆ ಸಂಜೆಯೊಳಗೆ ಓಣಿಯ ಬಾಯಿಗೆ ಬೀಳುತ್ತದೆಂಬ ಭಯ. ಚನ್ನಬಸವ್ವ ಲೊಚಗುಟ್ಟಿ, ಅಂದಿನಿಂದ ಹೋಳಿಗೆ ಬಿಟ್ಟು ಹಾಗಲಕಾಯಿ ಪಲ್ಯ ಕಳಿಸತೊಡಗಿದಳು. ಫರಹತ ಮುಖ ಕಿವುಚಿಕೊಂಡು ತಿಂದಳು.

ಡಬ್ಬಿಯನ್ನು ಚನ್ನಬಸವ್ವನೇ ಒಳಗೊಯ್ದು ಇಟ್ಟಿದ್ದಳು, ದಿನಾ ರಾತ್ರಿ ಒಂದೊಂದೇ ಸೂಜಿ ತಂದು ಕೊಡುತ್ತಿದ್ದಳು. ಫರಹತ ಪಡಸಾಲೆಯಲ್ಲೇ ನಿಲ್ಲುವಳು. ಆ ಅಡುಗೆಮನೆಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಯಾರೂ ಕರೆದಿರಲಿಲ್ಲ.

ಮೊದಲ ಸಲದ ಚಿಕಿತ್ಸೆ ಕೈಕೊಟ್ಟಿತು. ಮದ್ದು ತಂಪಾಗಿಯೇ ಇತ್ತೇ ಎಂದು ಡಾಕ್ಟರಮ್ಮನಿಗೆ ಅನುಮಾನ. ಉಳಿದಿದ್ದ ಒಂದು ಸೂಜಿ ತೋರಿಸಲೆಂದು ಫರಹತ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹೋಗಿ ಕೇಳಿದಳು. ಕೈಗೆ ಬಂದ ಸೂಜಿ ಬೆಚ್ಚಗಿತ್ತು.

"ಫ್ರಿಜ್ಜು ಹಗಲೆಲ್ಲಾ ಸುಮ್ನ ಯಾಕ ಓಡಬೇಕವಾ? ಅದಕ್ಕೂ ದಣಿವಾಗತೈತಿ. ಸಂಜೀಕ ಮಗಾ ಬರೂದ್ರಾಗ ಹಚ್ಚತೇನಿ," ಎಂದಳು ಚನ್ನಬಸವ್ವ, ಹೆಮ್ಮೆಯಿಂದ.

ಫರಹತ ಅಳು ತಡೆಯಲಾರದೆ ಹೇಳಿಬಿಟ್ಟಳು: "ಅದು ಸಕ್ಕರಿ ಔಷಧ ಅಲ್ರಿ ಅವ್ವಾರ. ಕೂಸಾಗಲಿ ಅಂತ ತಗೊಳ್ಳೂದ್ರಿ."

ಚನ್ನಬಸವ್ವ ಒಳಗೋಡಿ ಫ್ರಿಜ್ಜಿನ ಬಟನ್ ಹಚ್ಚಿ ಬಂದಳು. ಆಮೇಲೆ ಸಿಟ್ಟು ಬಂತು, ಮೊದಲು ತನ್ನ ಮೇಲೆ, ಬಳಿಕ ಸುಳ್ಳು ಹೇಳಿದವಳ ಮೇಲೆ, ಕೊನೆಗೆ ಪಾಪದ ಫ್ರಿಜ್ಜಿನ ಮೇಲೆ.

ಎರಡನೇ ಸಲಕ್ಕೆ ಆಫ್ತಾಬ ತನ್ನ ಬೈಕನ್ನೇ ಮಾರಿದ. ಊರ ಬೈಕುಗಳನ್ನೆಲ್ಲ ರಿಪೇರಿ ಮಾಡುವವನು ಗ್ಯಾರೇಜಿಗೆ ನಡೆದು ಹೋಗುವುದನ್ನು ಕಂಡು ಜನ ನಕ್ಕರು, ಅವನೂ ನಕ್ಕ. ಇದೂ ಕೈಕೊಟ್ಟರೆ ಮೂರನೇ ಸಲಕ್ಕೆ ಮಾರಲು ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಹೊಸ ಡಬ್ಬಿ ಹಿಡಿದು ಫರಹತ ಎಂದಿನಂತೆ ಪಡಸಾಲೆಯಲ್ಲಿ ನಿಂತಳು. ಚನ್ನಬಸವ್ವ ಕೈ ಚಾಚಲಿಲ್ಲ.

"ನನ್ನ ಕೈ ಸುಮ್ನಿರಂಗಿಲ್ಲ, ಬಟನ್ ಆರಿಸೇ ಬಿಡತೈತಿ. ಒಳಗ ಬಾ. ನೀನ ಇಡು, ನೀನ ತಗೋ, ದಿನಾ ಬಂದು ನೋಡು."

ಫರಹತ ಒಳಗೆ ಹೋದಳು. ಹಪ್ಪಳ, ಶ್ಯಾವಿಗೆಗಳೆಲ್ಲ ಹೊರಬಿದ್ದು ಫ್ರಿಜ್ಜಿನ ಒಂದು ಇಡೀ ಖಾನೆ ಅವಳಿಗಾಗಿ ಖಾಲಿಯಾಗಿತ್ತು. ಡಬ್ಬಿ ಇಟ್ಟು ಬಾಗಿಲು ಮುಚ್ಚುವಾಗ ಅವಳಿಗೆ ಸಂತೋಷವೂ ಆಯಿತು, ಭಯವೂ ಆಯಿತು. ಈ ಸಲ ಫಲಿಸದಿದ್ದರೆ ತಪ್ಪು ಹೊರಿಸಲು ಯಾರ ಫ್ರಿಜ್ಜೂ ಇರಲಿಲ್ಲ.