ಇಬ್ಬರ ನಡುವೆ ಕೂತ ದುಭಾಷಿ

ಒಂದೇ ಬೆಳಕು ಮನೆಯ ಅಷ್ಟೂ ಕಿಟಕಿಗಳಿಂದ ಒಳಗೆ ಬರುವಂತೆ, ಆ ಕಚೇರಿಯ ತಣ್ಣನೆಯ ಕೋಣೆಯಲ್ಲಿ ಒಂದೇ ಒಂದು ದೊಡ್ಡ ಕಂಪ್ಯೂಟರು ತನ್ನನ್ನು ತಾನೇ ಹಲವು ಕಂಪ್ಯೂಟರುಗಳಾಗಿ ಹಂಚಿಕೊಂಡು ನಿಂತಿತ್ತು. ಹಂಚುವ ಕೆಲಸ ತಳದಲ್ಲಿ ಕೂತ ಹೈಪರ್‌ವೈಸರ್ ಎಂಬ ತಂತ್ರಾಂಶದ್ದು. ಏಳು, ಮಲಗು, ಅತ್ತ ಸರಿ ಎಂದು ಅಪ್ಪಣೆ ಕೊಡುವುದು ಮೇಲೆ ಕೂತ ನಿರ್ವಹಣಾ ತಂತ್ರಾಂಶದ್ದು. ಮೇಲಿನದನ್ನು ಈ ಕಚೇರಿಯವರೇ ಬರೆದಿದ್ದರು. ತಳದ್ದು ಬೇರೆ ಕಂಪನಿಯ ಕೂಸು. ಆ ಕಂಪನಿಯವರಿಗೋ ಸುಮ್ಮನೆ ಕೂತು ಗೊತ್ತಿಲ್ಲ. ನಿನ್ನೆಯವರೆಗೆ ‘ನಿಲ್ಲಿಸು’ ಎಂದರೆ ನಿಲ್ಲುತ್ತಿದ್ದದ್ದು, ಹೊಸ ಆವೃತ್ತಿ ಬಂದ ಮೇಲೆ ‘ವಿಶ್ರಾಂತಿಗೆ ಕಳಿಸು’ ಎಂದರೆ ಮಾತ್ರ ಕಿವಿಗೊಡುತ್ತಿತ್ತು.

ಈ ಇಬ್ಬರ ನಡುವೆ ಮಾತು ಕೆಡದಂತೆ ನೋಡಿಕೊಳ್ಳುತ್ತಿದ್ದವನನ್ನು ಕಚೇರಿಯಲ್ಲಿ ದುಭಾಷಿ ಎಂದೇ ಕರೆಯುತ್ತಿದ್ದರು. ಅವನು ಬರೆದ ಪುಟ್ಟ ತಂತ್ರಾಂಶವೊಂದು ನಡುವೆ ಕೂತು, ಮೇಲಿನವರ ಹಳೆಯ ಮಾತನ್ನು ತಳದವರ ಹೊಸ ಮಾತಿಗೆ ತಿರುಗಿಸಿ ಹೇಳುತ್ತಿತ್ತು. ಅದೇ ಅವನ ಅನ್ನ. ದೈವಭಕ್ತ ಬೇರೆ. ಬೆಳಿಗ್ಗೆ ಮೇಜಿನ ಮುಂದೆ ಕೂತೊಡನೆ ಕಣ್ಣು ಮುಚ್ಚಿ, ಇವರಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಎಂದೂ ತಿಳಿಯದಿರಲಿ ತಂದೆ, ಎಂದು ಬೇಡಿಕೊಳ್ಳುತ್ತಿದ್ದ. ದೇವರು ಕರುಣಾಳು, ಬಹುಕಾಲ ಹಾಗೇ ನಡೆಸಿಕೊಟ್ಟ.

ಒಂದು ಬೆಳಿಗ್ಗೆ ಹೆಂಡತಿಯ ಫೋನು ಬಂತು. ಆಕೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಕೊಡುವವಳು. ಆಸ್ಪತ್ರೆಯ ಕಂಪ್ಯೂಟರುಗಳೂ ಆ ತಣ್ಣನೆಯ ಕೋಣೆಯ ದೊಡ್ಡ ಕಂಪ್ಯೂಟರಿನ ಪಾಲುಗಳೇ.

“ರೀ, ನಮ್ಮ ಪರದೆ ಮೇಲೆ ಏನೂ ಬರ್ತಿಲ್ಲ. ಸಾಲು ಗೇಟು ದಾಟಿದೆ. ಒಬ್ಬ ಅಜ್ಜ ನನಗೇ ಆರಾಮಿಲ್ಲವಾ ಅಂತ ವಿಚಾರಿಸಿಕೊಂಡು ಹೋದ.”

ದುಭಾಷಿ ಕೆದಕಿ ನೋಡಿದ. ಮೇಲಿನ ತಂತ್ರಾಂಶದ ತಂಡದವರು ಉತ್ಸಾಹ ಹೆಚ್ಚಾಗಿ ಅದಕ್ಕೆ ಹೊಸ ಮಾತನ್ನೇ ಕಲಿಸಿಬಿಟ್ಟಿದ್ದರು. ಅವನಿಗೆ ಹೇಳಿರಲಿಲ್ಲ, ಹೇಗಿದ್ದರೂ ಅವನು ತಿರುಗಿಸಿಕೊಳ್ಳುತ್ತಾನಲ್ಲ ಎಂಬ ಭರವಸೆ. ಈಗ ಮೇಲಿನವರು ಹೊಸ ಮಾತಾಡುತ್ತಿದ್ದರು, ತಳದವರಿಗೆ ಬರುವುದೂ ಅದೇ ಮಾತು. ಅರ್ಥವಾಗದೆ ಬಾಯಿ ಬಿಟ್ಟುಕೊಂಡು, ಎಲ್ಲ ಅಪ್ಪಣೆಯನ್ನೂ ಬಾಗಿಲಲ್ಲೇ ತಡೆದು ಕೂತದ್ದು ನಡುವಿದ್ದ ಅವನ ತಂತ್ರಾಂಶವೊಂದೇ.

ಅದನ್ನು ದೀಪದ ಹಾಗೆ ಆರಿಸಿದರೆ ಎಲ್ಲವೂ ಸರಿಹೋಗುತ್ತಿತ್ತು. ಆರಿಸಿದರೆ ಅವನ ಕೆಲಸವೂ ಆರಿದಂತೆಯೇ. ಅವನು ವಿಷಯವನ್ನು ಹೆಂಡತಿಗೆ ಮೆಲ್ಲಗೆ ಹೇಳಿದ.

“ಅಂದರೆ, ಮದುವೆ ಮಾಡಿಸಿದ ದಳ್ಳಾಳಿ ಗಂಡ-ಹೆಂಡಿರ ನಡುವೆ ಚಾಪೆ ಹಾಸ್ಕೊಂಡು ಮಲಗಿದ ಹಾಗಾಯ್ತು,” ಎಂದಳು ಆಕೆ. “ಏಳ್ರಿ ಮೇಲೆ. ಇಲ್ಲಿ ಮಗು ಎತ್ತಿಕೊಂಡು ನಿಂತವರಿದ್ದಾರೆ.”

ಅವನು ಎದ್ದ. ಅಂದರೆ, ಆರಿಸಿದ. ಪರದೆಗಳು ಒಂದೊಂದಾಗಿ ಕಣ್ಣು ಬಿಟ್ಟವು. ಆಸ್ಪತ್ರೆಯ ಸಾಲು ಕರಗಿತು. ಅವನು ನೀರಿನ ಬಾಟಲಿಯನ್ನು ಚೀಲಕ್ಕೆ ತುಂಬಿಕೊಂಡು ಸಾಹೇಬರ ಕೋಣೆಗೆ ಹೋಗಿ, ಇನ್ನು ನನಗೆ ಇಲ್ಲಿ ಕೆಲಸವಿಲ್ಲವೆಂದು ಇದ್ದದ್ದನ್ನು ಇದ್ದಂತೆ ಒಪ್ಪಿಸಿದ.

ಸಾಹೇಬರು ಕೇಳುತ್ತ ಕೇಳುತ್ತ ಗಂಭೀರರಾದರು. ಯಾರಾದರೂ ಕೈತಪ್ಪಿ ಅದನ್ನು ಮತ್ತೆ ಹೊತ್ತಿಸಿದರೆ ಎಲ್ಲವೂ ನಿಲ್ಲುತ್ತದೆಯೇ ಎಂದರು. ನಿಲ್ಲುತ್ತದೆ ಎಂದ. ಕಿತ್ತು ಹಾಕಿಬಿಡೋಣ ಎಂದೂ ಅವನೇ ಹೇಳಿದ.

“ಕೀಳೋಕೆ ಮೇಲಧಿಕಾರಿಗಳ ಒಪ್ಪಿಗೆ ಬೇಕಪ್ಪಾ,” ಎಂದರು ಸಾಹೇಬರು. “ಸುಮ್ಮನೆ ಇಟ್ಕೊಳ್ಳೋಕೆ ಯಾರ ಒಪ್ಪಿಗೆನೂ ಬೇಡ. ಇಷ್ಟು ಅಪಾಯದ್ದನ್ನ ಕಾಯೋರಿಲ್ಲದೆ ಬಿಡೋದು ಹೇಗೆ?”

ಹೀಗೆ ಆ ಕಚೇರಿಯಲ್ಲಿ, ಆರಿಸಿಟ್ಟ ತಂತ್ರಾಂಶ ಆರಿಯೇ ಇರುವಂತೆ ನೋಡಿಕೊಳ್ಳುವ ವಿಭಾಗವೊಂದು ಹುಟ್ಟಿತು. ದುಭಾಷಿಯೇ ಅದರ ಮುಖ್ಯಸ್ಥ, ಕೈಕೆಳಗೆ ಇಬ್ಬರು. ತಳದ ಕಂಪನಿಯವರು ಇನ್ನೊಂದು ಆವೃತ್ತಿ ತರುತ್ತಾರೆಂಬ ಸುದ್ದಿ ಬಂದ ದಿನ ಸಾಹೇಬರು ಖುದ್ದಾಗಿ ಅವನ ಮೇಜಿಗೆ ಬಂದು, ಆರಿರುವ ಅದು ಹೊಸ ಆವೃತ್ತಿಯ ಜೊತೆಗೂ ಹೊಂದಿಕೊಂಡೇ ಆರಿರಬೇಕು, ಈಗಿನಿಂದಲೇ ಕೆಲಸ ಶುರುಮಾಡಿ ಎಂದು ಹೇಳಿಹೋದರು.

ಮೂವರೂ ಶುರುಮಾಡಿದರು.