ಬಾಗಿಲಿಗೆ ಅಂಟಿಸಿದ ಲೇಬಲ್ಲುಗಳು

ನಮ್ಮ ಲ್ಯಾಬಿನ ದೊಡ್ಡ ಫ್ರೀಜರಿನ ಬಾಗಿಲು ನೋಡಿದರೆ ನನಗೆ ಹೇಸಿಗೆಯಾಗುತ್ತದೆ. ಒಳಗಿರುವುದು ರೋಗಾಣುಗಳ ಸೀಸೆಗಳು. ಹೊರಗೆ ಬಾಗಿಲ ತುಂಬ ಅದೇ ಸೀಸೆಗಳ ಬಾರ್‌ಕೋಡ್ ಲೇಬಲ್ಲುಗಳ ಇನ್ನೊಂದು ಪ್ರತಿ. ಲೆಕ್ಕ ನೋಡುವಾಗ ಒಂದೊಂದು ಸೀಸೆಯನ್ನೂ ಹೊರತೆಗೆದು ಸ್ಕ್ಯಾನ್ ಮಾಡಬೇಕೆಂಬುದು ನಿಯಮ. ಆದರೆ ಹಿಮ ಒರೆಸಬೇಕು, ಬೆರಳು ಮರಗಟ್ಟುತ್ತದೆ, ಹೊತ್ತು ಹಿಡಿಯುತ್ತದೆ. ಅದಕ್ಕೇ ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸಾಹೇಬರು ಈ ಉಪಾಯ ಹೂಡಿದರು. ಬಾಗಿಲನ್ನೇ ಸ್ಕ್ಯಾನ್ ಮಾಡಿದರಾಯಿತು, ಕಂಪ್ಯೂಟರಿನಲ್ಲಿ ಎಲ್ಲ ಹಸಿರು, ಅಂದರೆ ಎಲ್ಲ ಸೀಸೆಯೂ ಒಳಗಿದೆ ಎಂದು. ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಬೇಡವೆಂದ ನನಗೆ, "ನಿಮ್ದು ಎಲ್ಲದಕ್ಕೂ ತಕರಾರು" ಅಂದರು.

ನನ್ನ ನಾದಿನಿಯೂ ಇಲ್ಲೇ ಕೆಲಸಕ್ಕಿದ್ದಾಳೆ. ಎದೆಹಾಲಿನ ಕೂಸನ್ನು ತನ್ನ ಅಮ್ಮನ ಹತ್ತಿರ ಬಿಟ್ಟು ಬರುತ್ತಾಳೆ. ಇವತ್ತು ಬೆಳಿಗ್ಗೆ ಫ್ರೀಜರಿನ ತಳ ಒರೆಸುವಾಗ ಒಡೆದ ಸೀಸೆಯ ಚೂರೊಂದು ಗ್ಲೌಸು ಸೀಳಿಕೊಂಡು ಅವಳ ಹೆಬ್ಬೆರಳಿಗೆ ನೆಟ್ಟಿತು. ಅದರ ಲೇಬಲ್ ಕಳಚಿ ಎಲ್ಲಿ ಹೋಗಿತ್ತೋ. ಗಾಯ ತೊಳೆಸಿ, ಕಟ್ಟಿ, ಡಾಕ್ಟರಿಗೆ ಫೋನ್ ಮಾಡಿದೆ.

"ಸೀಸೇಲಿ ಏನಿತ್ತು ಹೇಳಿ, ಔಷಧಿ ಶುರು ಮಾಡೋಣ. ಗೊತ್ತಾಗೋವರೆಗೂ ಮಗೂಗೆ ಹಾಲು ಕೊಡೋದು ಬೇಡ," ಅಂದರು.

ಕಂಪ್ಯೂಟರ್ ನೋಡಿದೆ. ಒಡೆದ ಸೀಸೆಯೂ ಸೇರಿ ಎಲ್ಲವೂ ತಮ್ಮತಮ್ಮ ಜಾಗದಲ್ಲಿ ಭದ್ರ. ಥೂ, ಇದರ ಮುಖಕ್ಕಿಷ್ಟು. ಟ್ರೇಗಳನ್ನು ಎಳೆದೆಳೆದು ಕೈಯಾರೆ ತಾಳೆ ನೋಡತೊಡಗಿದೆ. ಯಾವಾಗಲೋ ಕರಗಿ ಮತ್ತೆ ಹೆಪ್ಪುಗಟ್ಟಿದ ಹಳದಿ ಲೋಳೆ, ಅದಕ್ಕೆ ಕಚ್ಚಿಕೊಂಡ ಮುಚ್ಚಳಗಳು. ಇಲ್ಲದಿದ್ದುದು ಒಂದೇ ಸೀಸೆಯಾಗಿದ್ದರೆ ಅದರಲ್ಲಿ ಏನಿತ್ತೆಂದು ಹೇಳಬಹುದಿತ್ತು. ಒಂದಿಡೀ ಸಾಲೇ ಇರಲಿಲ್ಲ, ಒಂದೊಂದರಲ್ಲೂ ಒಂದೊಂದು ರೋಗ.

ಇಬ್ಬರೂ ಸಾಹೇಬರ ಕೋಣೆಗೆ ಹೋದೆವು.

"ಸಿಸ್ಟಮ್ ಪ್ರಕಾರ ಯಾವ ಸೀಸೇನೂ ಒಡೆದಿಲ್ಲಮ್ಮ. ಸುಮ್‌ಸುಮ್ನೆ ಗಾಬರಿ ಆಗ್ಬೇಡಿ," ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ.

"ಹಾಗಾದ್ರೆ ಮಗೂಗೆ ಹಾಲು ಕೊಡ್ಬಹುದಾ ಸಾರ್?" ಎಂದು ಕೇಳುತ್ತ ನಾದಿನಿ, ಬ್ಯಾಂಡೇಜು ಸುತ್ತಿದ ಕೈಯನ್ನು ಅವರ ಮೇಜಿನ ಮೇಲಿಟ್ಟಳು.

ಸಾಹೇಬರು ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ತಳ್ಳಿಕೊಂಡರು. ಕರ್ಚೀಫು ಮೂಗಿಗೆ ಹೋಯಿತು.

"ಕೈ ತೆಗೀರಿ ಅಲ್ಲಿಂದ."

ನಾದಿನಿ ಕೈ ತೆಗೆದುಕೊಂಡು ನನ್ನ ಕಡೆ ತಿರುಗಿದಳು. ಕೂಸಿಗೆ ಹಾಲು ಕೊಡುವ ಹೊತ್ತು ಮೀರಿ ಅವಳ ಕೋಟಿನ ಎದೆ ಒದ್ದೆಯಾಗಿತ್ತು.

"ಅತ್ತಿಗೆ," ಅಂದಳು, "ಅಮ್ಮಂಗೆ ಫೋನ್ ಮಾಡಿ. ಡಬ್ಬಿ ಹಾಲು ಕುಡಿಸೋಕೆ ಹೇಳಿ."